ಪಾರ್ಶ್ವವಾಯುವಿನ ನಂತರ ವಿಆರ್ ಆಟ: ಫಿಸಿಯೊಥೆರಪಿ ಬಿಡಬಹುದೇ?

ನೌಪಾಡಾದ ನಮ್ಮ ಔಷಧಿ ಅಂಗಡಿಗೆ ಪ್ರತಿ ತಿಂಗಳು ಕ್ಲೋಪಿಡೊಗ್ರೆಲ್ ಒಯ್ಯಲು ಬರುವ ಕನ್ನಡದ ಗೃಹಿಣಿಯೊಬ್ಬರು ಮೊನ್ನೆ ಕೇಳಿದರು: "ನಮ್ಮ ಯಜಮಾನರಿಗೆ ಲಕ್ವ ಹೊಡೆದು ಎಂಟು ತಿಂಗಳಾಯ್ತು. ಕಣ್ಣಿಗೆ ಏನೋ ಕಟ್ಟಿ ಆಟ ಆಡಿಸ್ತಾರಂತೆ, ತಲೆಗೆ ವೈರ್ ಹಚ್ತಾರಂತೆ. ಅದಕ್ಕೆ ಸೇರಿಸಿದ್ರೆ ಫಿಸಿಯೊಥೆರಪಿ ಬಿಡಬಹುದಾ?" ಅವರ ಹತ್ತಿರ ಎರಡಕ್ಕೂ ಆಗುವಷ್ಟು ದುಡ್ಡಿಲ್ಲ.

ಬಿಡಬೇಡಿ ಎಂದೆ.

ಪಾರ್ಶ್ವವಾಯುವಿನಲ್ಲಿ ಕೆಡುವುದು ಕೈಯಲ್ಲ, ಕೈಗೆ ಆಜ್ಞೆ ಕೊಡುವ ಮಿದುಳಿನ ಭಾಗ. ಉಳಿದ ಭಾಗಗಳು ಆ ಕೆಲಸವನ್ನು ಸ್ವಲ್ಪಮಟ್ಟಿಗೆ ಕಲಿಯಬಲ್ಲವು. ಆದರೆ ಒಂದೇ ಚಲನೆಯನ್ನು ನೂರಾರು ಸಲ ಮಾಡಬೇಕು. ಖಾಲಿ ಲೋಟವನ್ನು ನೂರು ಸಲ ಎತ್ತಿಡಲು ಯಾರಿಗಾದರೂ ಬೇಸರವೇ. ವರ್ಚುವಲ್ ರಿಯಾಲಿಟಿ, ಅಂದರೆ ವಿಆರ್, ಈ ಬೇಸರ ಕಳೆಯುತ್ತದೆ: ಕಣ್ಣೆದುರು ಹಣ್ಣು ಬೀಳುತ್ತದೆ, ಕೈ ಚಾಚಿ ಹಿಡಿಯಬೇಕು.

ತಲೆಯ ವೈರುಗಳು ಇಇಜಿಯವು. ಜರ್ಮನಿಯ ಹ್ಯಾನ್ಸ್ ಬರ್ಗರ್ 1924ರಲ್ಲೇ ಮನುಷ್ಯರ ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸಿದ್ದರು. ನಾವು ಸುಮ್ಮನಿರುವಾಗ ಚಲನೆಯ ಭಾಗದ ಮೇಲೆ ಸೆಕೆಂಡಿಗೆ ಸುಮಾರು 8ರಿಂದ 13 ಅಲೆಗಳು ಕಾಣುತ್ತವೆ. ಕೈ ಆಡಿಸಬೇಕೆಂದು ಯತ್ನಿಸಿದರೆ, ಕೈ ಆಡದಿದ್ದರೂ, ಆ ಅಲೆಗಳು ತಗ್ಗುತ್ತವೆ. ಕಂಪ್ಯೂಟರ್ ಅದನ್ನು ಹಿಡಿದು ಪರದೆಯ ಕೈಯನ್ನು ಆಡಿಸುತ್ತದೆ, ಇಲ್ಲವೇ ಮೋಟಾರು ಜೋಡಿಸಿದ ಪಟ್ಟಿಯಿಂದ ಬೆರಳು ಬಿಡಿಸುತ್ತದೆ. ಯತ್ನಕ್ಕೆ ಕೂಡಲೇ ಫಲ ಸಿಕ್ಕರೆ ಮಿದುಳು ಕಲಿಯುತ್ತದೆ ಎಂಬುದು ಇದರ ಹಿಂದಿನ ಲೆಕ್ಕ. ಬೆರಳು ಬಿಡಿಸುವ ಇಂಥ ಒಂದು ಸಾಧನ, ಇಪ್ಸಿಹ್ಯಾಂಡ್, 2021ರಲ್ಲಿ ಅಮೆರಿಕದ ಎಫ್‌ಡಿಎ ಅನುಮತಿ ಪಡೆಯಿತು.

ಇನ್ನು ಫಲಿತಾಂಶ. ಕಾಕ್ರೇನ್ ಸಂಸ್ಥೆಯ 2017ರ ವಿಮರ್ಶೆ 72 ಅಧ್ಯಯನಗಳ 2,470 ಮಂದಿಯನ್ನು ಒಟ್ಟಿಗೆ ನೋಡಿತು. ಮಾಮೂಲು ಚಿಕಿತ್ಸೆಯ ಬದಲಿಗೆ ವಿಆರ್ ಕೊಟ್ಟಾಗ ಕೈಯ ಕೆಲಸದಲ್ಲಿ ಹೆಚ್ಚಿನ ಲಾಭ ಕಾಣಲಿಲ್ಲ. ಅದರ ಜೊತೆಗೆ ಸೇರಿಸಿ ಅಭ್ಯಾಸದ ಸಮಯ ಹೆಚ್ಚಿಸಿದಾಗ ಕಂಡಿತು. ನನ್ನ ಉತ್ತರ ನಿಂತಿದ್ದು ಇದರ ಮೇಲೆಯೇ.

ಔಷಧಿಯವಳಾಗಿ ಇನ್ನಷ್ಟು ಹೇಳಬೇಕು. ಫಿಟ್ಸ್ ಬಂದಿದ್ದರೆ ಮೊದಲೇ ತಿಳಿಸಿ, ಮಿನುಗುವ ಚಿತ್ರಗಳು ಕೆಲವರಲ್ಲಿ ಅದನ್ನು ಕೆರಳಿಸಬಹುದು. ಸ್ನಾಯು ಬಿಗಿತಕ್ಕೆ ಕೊಡುವ ಬ್ಯಾಕ್ಲೋಫೆನ್ ತೂಕಡಿಕೆ ತರುತ್ತದೆ, ಬಿಪಿ ಮಾತ್ರೆಯಿಂದ ಎದ್ದಾಗ ತಲೆ ತಿರುಗಬಹುದು. ವಿಆರ್‌ನಿಂದಲೂ ಕೆಲವರಿಗೆ ತಲೆಸುತ್ತು, ವಾಕರಿಕೆ. ಆದ್ದರಿಂದ ಮೊದಲ ದಿನಗಳಲ್ಲಿ ಕುಳಿತೇ ಆಡಲಿ. ಕ್ಲೊನಜೆಪಾಮ್ ಇಇಜಿ ಅಲೆಗಳನ್ನೇ ಬದಲಿಸುತ್ತದೆ. ಹಾಗೆಂದು ನೀವಾಗಿಯೇ ನಿಲ್ಲಿಸಬೇಡಿ, ಮಾತ್ರೆಗಳ ಪಟ್ಟಿ ತೋರಿಸಿ. ಅಂದು ತಲೆಗೆ ಎಣ್ಣೆಯೂ ಬೇಡ, ಎಲೆಕ್ಟ್ರೋಡ್ ಸರಿಯಾಗಿ ಕೂರುವುದಿಲ್ಲ.

ಆ ಗೃಹಿಣಿ ಫಿಸಿಯೊಥೆರಪಿ ಮುಂದುವರಿಸಿದ್ದಾರೆ. ವಿಆರ್ ಕೇಂದ್ರದಲ್ಲಿ ವಾರಕ್ಕೆ ಎಷ್ಟು ಗಂಟೆ, ಎಷ್ಟು ಖರ್ಚು ಎಂದು ವಿಚಾರಿಸಿಕೊಂಡು ಬರುತ್ತೇನೆ ಎಂದಿದ್ದಾರೆ. ಅಲ್ಲಿಯವರೆಗೆ ಮನೆಯಲ್ಲಿ ಸ್ಟೀಲ್ ಲೋಟ ಎತ್ತಿಡುವ ಕೆಲಸ ನಡೆದಿದೆ, ಎಣಿಸಲು ಮೊಮ್ಮಗಳಿದ್ದಾಳೆ.