ಪದವಿ ಕೊಟ್ಟ ಮನೆಯಲ್ಲೇ ಮಾತಿಲ್ಲ

ಅರಸೀಕೆರೆಯಲ್ಲಿ ಡಿಗ್ರಿ ಮುಗಿಸಿ ಮೂರು ವರ್ಷ ಕಳೆದವರು ನಮೂನೆ 18 ತುಂಬಿಕೊಟ್ಟರೆ ವಿಧಾನ ಪರಿಷತ್ತಿಗೆ ಮತ ಹಾಕಬಹುದು. ಮೈಸೂರು, ಮಂಡ್ಯ, ಚಾಮರಾಜನಗರ, ಹಾಸನ ಜಿಲ್ಲೆಗಳ ಪದವೀಧರರೆಲ್ಲ ಸೇರಿ ದಕ್ಷಿಣ ಪದವೀಧರ ಕ್ಷೇತ್ರದಿಂದ ಒಬ್ಬರನ್ನು ಆರಿಸುತ್ತಾರೆ. 2022ರಲ್ಲಿ ಮಧು ಜಿ. ಮಾದೇಗೌಡ ಗೆದ್ದದ್ದು ಹೀಗೆ. ರಾಜ್ಯಕ್ಕೆ ಕಾನೂನು ಮಾಡುವ ಮನೆಯಲ್ಲಿ ಪದವಿಗೆ ಇಷ್ಟು ಬೆಲೆಯಿದೆ. ಆ ಪದವಿ ಕೊಟ್ಟ ವಿಶ್ವವಿದ್ಯಾಲಯದ ಆಡಳಿತದಲ್ಲಿ ಮಾತ್ರ ಅವರಿಗೆ ಒಂದು ಮತವೂ ಇಲ್ಲ.

ಹಿಂದೆ ಹೀಗಿರಲಿಲ್ಲ. 1916ರಲ್ಲಿ ಹುಟ್ಟಿದ ಮೈಸೂರು ವಿಶ್ವವಿದ್ಯಾಲಯಕ್ಕೆ ಸೆನೆಟ್ ಎಂಬ ದೊಡ್ಡ ಸಭೆಯಿತ್ತು. ಹಳೆಯ ವಿದ್ಯಾರ್ಥಿಗಳು ಹೆಸರು ನೋಂದಾಯಿಸಿಕೊಂಡು ತಮ್ಮವರನ್ನು ಆ ಸಭೆಗೆ ಆರಿಸಿ ಕಳಿಸುತ್ತಿದ್ದರು. ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ 2000ದ ಅಧಿನಿಯಮ ಬಂದಾಗ ಸೆನೆಟ್ಟೇ ಹೋಯಿತು. ಈಗ ಅಧಿಕಾರವೆಲ್ಲ ಸಿಂಡಿಕೇಟ್ ಮತ್ತು ವಿದ್ಯಾವಿಷಯಕ ಪರಿಷತ್ತಿನ ಕೈಯಲ್ಲಿದೆ. ಹೊರಗಿನಿಂದ ಸಿಂಡಿಕೇಟಿಗೆ ಬರುವವರು ಹೆಚ್ಚಾಗಿ ಸರ್ಕಾರ ನಾಮನಿರ್ದೇಶನ ಮಾಡಿದವರು. ಅವರಲ್ಲಿ ಪರಿಶಿಷ್ಟರು, ಹಿಂದುಳಿದ ವರ್ಗದವರು, ಮಹಿಳೆಯರು, ಅಲ್ಪಸಂಖ್ಯಾತರು ಇರಬೇಕೆಂದು ಕಾನೂನೇ ಹೇಳುತ್ತದೆ. ಅದು ಸಣ್ಣ ಮಾತಲ್ಲ. ಆದರೆ ಹೀಗೆ ಬಂದವರು ಮುಖ ನೋಡಬೇಕಾದದ್ದು ತಮ್ಮನ್ನು ಕೂರಿಸಿದ ಸರ್ಕಾರದ್ದೇ.

ಹಾಗೆಂದು ಹಳೆಯ ಸೆನೆಟನ್ನು ನೆನೆದು ಕಣ್ಣೀರಿಡಬೇಕಾಗಿಯೂ ಇಲ್ಲ. ಆ ಕಾಲಕ್ಕೆ ಮೈಸೂರು ಸಂಸ್ಥಾನದಲ್ಲಿ ಪದವಿ ಪಡೆದವರೇ ಕಡಿಮೆ, ಪಡೆದವರಲ್ಲೂ ಬಹುಪಾಲು ಮೇಲ್ಜಾತಿಯವರು. ಈ ಅಸಮತೋಲನ ಕಣ್ಣಿಗೆ ಹೊಡೆಯುತ್ತಿದ್ದುದರಿಂದಲೇ ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಲೆಸ್ಲಿ ಮಿಲ್ಲರ್ ಸಮಿತಿ ನೇಮಿಸಿದರು. ಮರುವರ್ಷ ವರದಿ ಬಂತು: ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನ ಹುದ್ದೆಗಳಲ್ಲಿ ಮೂರರಲ್ಲಿ ಎರಡು ಪಾಲು ಹಿಂದುಳಿದವರಿಗೆ ಸಿಗಬೇಕು ಎಂದು. ಪದವೀಧರರಿಗೆ ಮತ ಕೊಡುವುದೆಂದರೆ, ಆಗ, ಓದುವ ಅವಕಾಶ ಸಿಕ್ಕಿದ್ದವರಿಗೇ ಇನ್ನೊಂದು ಅವಕಾಶ ಕೊಟ್ಟಂತೆ.

ಪದವಿ ಕೊಟ್ಟ ಸಂಸ್ಥೆಯ ಆಡಳಿತದಲ್ಲಿ ಯಾರಿಗೆ ಮಾತಿರಬೇಕು ಎಂಬ ಪ್ರಶ್ನೆ ಅಮೆರಿಕದ ಕಪ್ಪು ಜನರ ಕಾಲೇಜುಗಳಲ್ಲಿ ಬೇರೆ ರೂಪ ತಾಳಿದೆ. ಬಿಳಿಯರ ಕಾಲೇಜುಗಳ ಬಾಗಿಲು ಮುಚ್ಚಿದ್ದ ಕಾಲದಲ್ಲಿ ಕರಿಯರಿಗಾಗಿ ಹುಟ್ಟಿದ ಇಂಥ ಸಂಸ್ಥೆಗಳು ಇಂದಿಗೂ ಸುಮಾರು ನೂರಿವೆ. ಉತ್ತರ ಕೆರೊಲಿನಾದ ಗ್ರೀನ್ಸ್‌ಬರೊ ಊರಿನ ಎ ಆ್ಯಂಡ್ ಟಿ ಕಾಲೇಜು ಅವುಗಳಲ್ಲೊಂದು. 1960ರ ಫೆಬ್ರುವರಿ 1ರಂದು ಬಿಳಿಯರಿಗಷ್ಟೇ ಊಟ ಬಡಿಸುತ್ತಿದ್ದ ಅಂಗಡಿಯೊಂದರಲ್ಲಿ ಹೋಗಿ ಕುಳಿತು, ಎದ್ದು ಹೋಗಲು ಒಪ್ಪದ ನಾಲ್ವರು ಹುಡುಗರು ಇಲ್ಲಿನ ವಿದ್ಯಾರ್ಥಿಗಳು. ಆ ಕಾಲೇಜೀಗ ರಾಜ್ಯ ವಿಶ್ವವಿದ್ಯಾಲಯ ವ್ಯವಸ್ಥೆಯ 17 ಸಂಸ್ಥೆಗಳಲ್ಲಿ ಒಂದು. ಹದಿನೇಳರಲ್ಲಿ ಐದು ಕರಿಯರಿಗಾಗಿ ಹುಟ್ಟಿದವು. ಹದಿನೇಳಕ್ಕೂ ಮೇಲಿರುವ ಆಡಳಿತ ಮಂಡಳಿಯ 24 ಸದಸ್ಯರನ್ನು ಆರಿಸುವುದು ರಾಜ್ಯದ ಶಾಸನಸಭೆ. ಅಲ್ಲಿ ಬಹುಮತ ಯಾರದೋ ಮಂಡಳಿಯೂ ಅವರದೇ. ಐದು ಕಾಲೇಜುಗಳಲ್ಲಿ ಓದಿದವರು ಎಷ್ಟು ಮಂದಿ ಒಳಗಿರುತ್ತಾರೆಂಬುದು ಆ ಬಹುಮತದ ಮರ್ಜಿ.

ಒಳಗೆ ಕುರ್ಚಿ ಸಿಗದವರು ಕೋರ್ಟಿನ ಮೆಟ್ಟಿಲು ಹತ್ತಿದ್ದೂ ಉಂಟು. ಮೇರಿಲ್ಯಾಂಡ್ ರಾಜ್ಯದ ಇಂಥ ನಾಲ್ಕು ಸಂಸ್ಥೆಗಳ ವಿದ್ಯಾರ್ಥಿಗಳೂ ಹಳೆಯ ವಿದ್ಯಾರ್ಥಿಗಳೂ ಸೇರಿ 2006ರಲ್ಲಿ ದಾವೆ ಹೂಡಿದರು. ತಮ್ಮಲ್ಲಿರುವ ಕೋರ್ಸುಗಳನ್ನೇ ಪಕ್ಕದ ವಿಶ್ವವಿದ್ಯಾಲಯಗಳಲ್ಲೂ ತೆರೆದು ಸರ್ಕಾರ ತಮ್ಮ ವಿದ್ಯಾರ್ಥಿಗಳನ್ನು ಸೆಳೆಯುತ್ತಿದೆ ಎಂಬುದು ಅವರ ಮುಖ್ಯ ತಕರಾರು. ಹದಿನೈದು ವರ್ಷ ಎಳೆದಾಡಿದ ಮೇಲೆ, 2021ರಲ್ಲಿ, ಹತ್ತು ವರ್ಷಗಳಲ್ಲಿ 57.7 ಕೋಟಿ ಡಾಲರ್ ಕೊಡಲು ರಾಜ್ಯ ಒಪ್ಪಿತು.

ಇತ್ತ ನಮ್ಮ ಗಡಿ ದಾಟಿದರೆ ಚಿತ್ರವೇ ಬೇರೆ. ಅಕ್ಕಲಕೋಟೆಯ ಕನ್ನಡ ಹುಡುಗಿ ಸೊಲ್ಲಾಪುರ ವಿಶ್ವವಿದ್ಯಾಲಯದ ಪದವಿ ಪಡೆದು ಹೆಸರು ನೋಂದಾಯಿಸಿದರೆ ಅಲ್ಲಿನ ಸೆನೆಟ್ ಚುನಾವಣೆಯ ಮತದಾರಳು. ಕಾಸರಗೋಡಿನ ಸರ್ಕಾರಿ ಕಾಲೇಜಿನಲ್ಲಿ ಕನ್ನಡ ಓದಿದವರಿಗೂ ಕಣ್ಣೂರು ವಿಶ್ವವಿದ್ಯಾಲಯದಲ್ಲಿ ಆ ಹಕ್ಕಿದೆ. ಮಹಾರಾಷ್ಟ್ರದ 2016ರ ಕಾನೂನು ಮಿಲ್ಲರ್ ಕಾಲದ ಸಮಸ್ಯೆಗೂ ಒಂದು ದಾರಿ ಹುಡುಕಿದೆ: ಪದವೀಧರರ ಹತ್ತು ಸ್ಥಾನಗಳಲ್ಲಿ ಐದು ಮೀಸಲು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಅಲೆಮಾರಿ ಸಮುದಾಯ, ಹಿಂದುಳಿದ ವರ್ಗ, ಮಹಿಳೆ, ಹೀಗೆ ತಲಾ ಒಂದು. ನಾಮನಿರ್ದೇಶನದ ಹಂಗಿಲ್ಲದೆ, ಮತ ಪಡೆದೇ ಬರಬೇಕು.

ಪಕ್ಷಗಳೂ ಒಳನುಗ್ಗದೆ ಬಿಟ್ಟಿಲ್ಲ. ಮುಂಬಯಿ ವಿಶ್ವವಿದ್ಯಾಲಯದಲ್ಲಿ 2018ರಲ್ಲೂ 2024ರಲ್ಲೂ ಹತ್ತಕ್ಕೆ ಹತ್ತು ಸ್ಥಾನಗಳನ್ನು ಠಾಕ್ರೆಯವರ ಯುವಸೇನೆ ಬಾಚಿಕೊಂಡಿತು. ಅದನ್ನು ಕಂಡು ಮೂಗು ಮುರಿಯುವವರು ನಮ್ಮ ಸಿಂಡಿಕೇಟುಗಳಿಗೆ ಯಾವ ಸರ್ಕಾರ ಬಂದಾಗ ಯಾರು ಬರುತ್ತಾರೆಂಬುದನ್ನೂ ಒಮ್ಮೆ ನೋಡಬೇಕು.

ಅರಸೀಕೆರೆಗೆ ಇದು ಬರೀ ಪುಸ್ತಕದ ವಿಚಾರವಲ್ಲ. ಇಲ್ಲಿ ಓದಿದ ಹಳಬರ ಪ್ರಮಾಣಪತ್ರದಲ್ಲಿ ಮೈಸೂರಿನ ಹೆಸರಿದೆ. 2023ರಲ್ಲಿ ಹೇಮಗಂಗೋತ್ರಿಯಲ್ಲಿ ಹಾಸನ ವಿಶ್ವವಿದ್ಯಾಲಯ ಆರಂಭವಾದ ಮೇಲೆ ಜಿಲ್ಲೆಯ ಕಾಲೇಜುಗಳು ಅದರ ತೆಕ್ಕೆಗೆ ಬಂದವು. ಎರಡೇ ವರ್ಷ: 2025ರ ಫೆಬ್ರುವರಿಯಲ್ಲಿ ಸಚಿವ ಸಂಪುಟದ ಉಪಸಮಿತಿ ಹಾಸನವೂ ಸೇರಿ ಒಂಬತ್ತು ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಮಾತೆತ್ತಿತು. ಹಣವಿಲ್ಲ, ಸಿಬ್ಬಂದಿಯಿಲ್ಲ ಎಂಬ ಕಾರಣಗಳಲ್ಲಿ ಹುರುಳಿಲ್ಲವೆಂದೇನಲ್ಲ. ಆದರೆ ಬೇಕೋ ಬೇಡವೋ ಎಂದು ಅಲ್ಲಿ ಓದಿದವರು ಹೇಳಲು ವಿಶ್ವವಿದ್ಯಾಲಯದೊಳಗೆ ಅವರೇ ಆರಿಸಿದ ಒಬ್ಬ ಸದಸ್ಯನೂ ಇರಲಿಲ್ಲ. ಅವರಿಗೆ ಉಳಿದಿರುವುದು ವಿಧಾನ ಪರಿಷತ್ತಿನ ಆ ಒಂದು ಮತ. ದಕ್ಷಿಣ ಪದವೀಧರ ಕ್ಷೇತ್ರದ ಮುಂದಿನ ಚುನಾವಣೆ 2028ಕ್ಕೆ. ಅದಕ್ಕೂ ಹಳೆಯ ಮತದಾರರ ಪಟ್ಟಿ ಸಾಲದು, ನಮೂನೆ 18ನ್ನು ಹೊಸದಾಗಿ ತುಂಬಬೇಕು.