ಬಟ್ಟಲು ತುಂಬ ಅಕ್ಕರೆ, ರಕ್ತದ ತುಂಬ ಸಕ್ಕರೆ

ಸ್ಯಾನ್‌ಫ್ರಾನ್ಸಿಸ್ಕೊದ ಚೈನಾಟೌನಿನಲ್ಲಿ ಹಳೆಯ ಕ್ಯಾಂಟನೀಸ್ ಕುಟುಂಬವೊಂದು ರಾತ್ರಿಯ ಊಟಕ್ಕೆ ಕೂತಿದೆ ಅಂದುಕೊಳ್ಳಿ. ಮೇಜಿನ ನಡುವೆ ಶುಂಠಿ ಹಾಕಿ ಆವಿಯಲ್ಲಿ ಬೇಯಿಸಿದ ಇಡೀ ಮೀನು, ಬೆಳ್ಳುಳ್ಳಿ ಒಗ್ಗರಣೆಯ ಸೊಪ್ಪು, ಒಂದು ಸೂಪು. ಅದೆಲ್ಲ ಎಲ್ಲರದು. ಒಬ್ಬೊಬ್ಬರಿಗೆ ಸ್ವಂತದ್ದು ಅಂತ ಇರುವುದು ಅನ್ನದ ಬಟ್ಟಲೊಂದೇ. ಮೀನಿನ ಕೆನ್ನೆಯ ಮೆತ್ತನೆಯ ತುಣುಕನ್ನು ಮಗ ಕಡ್ಡಿಯಲ್ಲಿ ಎತ್ತಿ ಅಜ್ಜಿಯ ಬಟ್ಟಲಿಗೆ ಹಾಕುತ್ತಾನೆ. ಅಜ್ಜಿ ಅದನ್ನು ಮೊಮ್ಮಗನ ಬಟ್ಟಲಿಗೆ ದಾಟಿಸುತ್ತಾಳೆ. ಪ್ರೀತಿಯನ್ನು ಬಾಯಿಬಿಟ್ಟು ಹೇಳುವ ರೂಢಿ ಆ ಮನೆಗಳಲ್ಲಿ ಕಡಿಮೆ, ಕಡ್ಡಿಯೇ ಹೇಳುತ್ತದೆ. ದಾರಿಯಲ್ಲಿ ಸಿಕ್ಕವರನ್ನು ಮಾತಾಡಿಸುವುದೂ ‘ಸಿಕ್ ಜೋ ಫಾನ್ ಮೇ?’ ಅಂತಲೇ. ಊಟ ಆಯ್ತಾ ಎಂದರ್ಥ. ‘ಫಾನ್’ ಅಂದರೆ ಅನ್ನ, ‘ಫಾನ್’ ಅಂದರೆ ಊಟವೂ ಹೌದು.

ಇಂಥ ಮನೆಯ ಅಜ್ಜಿಗೆ ಸಕ್ಕರೆ ಕಾಯಿಲೆ ಬಂದಾಗ ಡಾಕ್ಟರು ಹೇಳುವ ಮೊದಲ ಮಾತು, ಅನ್ನ ಕಡಿಮೆ ಮಾಡಿ. ಕೈಗೆ ಒಂದು ಕರಪತ್ರ. ಅದರಲ್ಲಿ ತಟ್ಟೆಯ ಚಿತ್ರ. ಅರ್ಧ ತಟ್ಟೆ ತರಕಾರಿ, ಕಾಲು ಭಾಗ ಮಾಂಸ, ಇನ್ನು ಕಾಲು ಭಾಗ ಬ್ರೆಡ್ಡೋ ಆಲೂಗಡ್ಡೆಯೋ. ಅಮೆರಿಕದ ಮಧುಮೇಹ ತಜ್ಞರು, ಆಹಾರ ತಜ್ಞರು ಸೇರಿ 1950ರಲ್ಲಿ ಹೊರತಂದ ‘ವಿನಿಮಯ ಪಟ್ಟಿ’ ಬಹುಕಾಲ ಈ ಪಾಠದ ಬುನಾದಿಯಾಗಿತ್ತು. ಒಂದು ತುಂಡು ಬ್ರೆಡ್ಡಿನ ಬದಲು ಬೇಯಿಸಿದ ಅನ್ನ ಮೂರನೇ ಒಂದು ಕಪ್ಪು, ಎರಡರಲ್ಲೂ ಸುಮಾರು 15 ಗ್ರಾಂ ಪಿಷ್ಟ ಎನ್ನುವ ಲೆಕ್ಕ. ಲೆಕ್ಕ ಸರಿಯೇ. ಆದರೆ ಮೂರನೇ ಒಂದು ಕಪ್ಪು ಅನ್ನ ಬಟ್ಟಲಿನ ತಳ ಮುಚ್ಚುವುದಿಲ್ಲ. ಒಂದು ಬಟ್ಟಲಿನಲ್ಲೇ ಅಂಥ ಮೂರ್ನಾಲ್ಕು ಪಾಲು ಹಿಡಿಸುತ್ತದೆ. ನಡುವಿನ ಪಾತ್ರೆಗಳಿಂದ ಒಂದೊಂದು ತುತ್ತು ಎತ್ತಿಕೊಂಡು ಉಣ್ಣುವವರಿಗೆ ‘ಅರ್ಧ ತಟ್ಟೆ’ ಯಾವುದೆಂದು ತೋರಿಸುವುದಾದರೂ ಹೇಗೆ?

ಮೊದಮೊದಲು ಆಸ್ಪತ್ರೆಗಳು ಮಾಡಿದ್ದು ಆ ಕರಪತ್ರವನ್ನೇ ಚೀನಿ ಅಕ್ಷರದಲ್ಲಿ ಅಚ್ಚು ಹಾಕಿಸುವುದು. ಎಲ್ಲಕ್ಕಿಂತ ಸುಲಭದ ಕೆಲಸ ಅದು, ಎಲ್ಲಕ್ಕಿಂತ ಕಡಿಮೆ ಫಲದ್ದೂ ಅದೇ ಎಂದು ನನ್ನ ಅಂದಾಜು.

ಚೀನಿಯರಿಗೆ ಈ ರೋಗ ಗೊತ್ತಿರಲಿಲ್ಲ ಎಂದಲ್ಲ. ಎರಡು ಸಾವಿರ ವರ್ಷ ಹಳೆಯ ಅವರ ವೈದ್ಯಗ್ರಂಥ ‘ಹುವಾಂಗ್ದಿ ನೇಯ್‌ಜಿಂಗ್’ನಲ್ಲಿ ‘ಶಿಯಾವೋಕೆ’ ಎಂಬ ರೋಗವಿದೆ. ಮೈ ಸವೆಯುತ್ತದೆ, ಬಾಯಾರಿಕೆ ಆರುವುದಿಲ್ಲ, ಸಿಹಿಯೂ ಜಿಡ್ಡೂ ಅತಿಯಾಗಿ ತಿಂದವರಿಗೆ ಬರುತ್ತದೆ. ಈಗಿನ ಹೆಸರು ‘ತಾಂಗ್‌ನ್ಯಾವೊಬಿಂಗ್’, ಅಂದರೆ ಸಕ್ಕರೆ ಮೂತ್ರದ ಕಾಯಿಲೆ. ನಮ್ಮ ‘ಮಧುಮೇಹ’ವನ್ನು ಬಿಡಿಸಿದರೂ ಅದೇ ಅರ್ಥ. ಉಷ್ಣ ಪದಾರ್ಥ, ಶೀತ ಪದಾರ್ಥ ಎಂಬ ಎಣಿಕೆ ಅವರ ಅಡುಗೆಮನೆಯಲ್ಲೂ ಇದೆ. ಹಾಗಲಕಾಯಿ ಅಲ್ಲಿ ಶೀತ, ಸಕ್ಕರೆಗೆ ಒಳ್ಳೆಯದೆಂಬ ನಂಬಿಕೆಯೂ ಉಂಟು. ಗಿಡಮೂಲಿಕೆ ನಿಧಾನ ಆದರೆ ಸೌಮ್ಯ, ಇಂಗ್ಲಿಷ್ ಮಾತ್ರೆ ಚುರುಕು ಆದರೆ ಕಟು ಎನ್ನುವ ಮಾತನ್ನು ಯಾವ ಭಾಷೆಯಲ್ಲಿ ಹೇಳಿದರೂ ನಮಗೆ ಅರ್ಥವಾದೀತು. ಇನ್ಸುಲಿನ್ ಚುಚ್ಚಿಕೊಳ್ಳಲು ಹೇಳಿದರೆ ಕಥೆ ಮುಗಿಯಿತು ಅಂತಲೇ ಲೆಕ್ಕ. ಡಾಕ್ಟರು ಅಡ್ಡಪ್ರಶ್ನೆ ಹಾಕದೆ ಹೋದರೆ ಈ ಯಾವುದೂ ಹೊರಗೆ ಬರುವುದಿಲ್ಲ. ಅಜ್ಜಿ ತಲೆಯಾಡಿಸಿ, ಮಾತ್ರೆಯ ಚೀಟಿ ಇಸಿದುಕೊಂಡು, ಮನೆಗೆ ಹೋಗುವ ದಾರಿಯಲ್ಲಿ ಮೂಲಿಕೆ ಅಂಗಡಿಗೂ ಹೊಕ್ಕು ಬರುತ್ತಾಳೆ.

ಆ ಮೌನಕ್ಕೆ ಕಾರಣ ಹುಡುಕಲು ಸ್ವಲ್ಪ ಹಿಂದೆ ಹೋಗಬೇಕು. ಅಮೆರಿಕ 1882ರಲ್ಲಿ ಕಾಯ್ದೆ ಮಾಡಿ ಚೀನಿ ಕೂಲಿಕಾರರಿಗೆ ಬಾಗಿಲು ಮುಚ್ಚಿತು. 1943ರವರೆಗೂ ಆ ಕಾಯ್ದೆ ಜಾರಿಯಲ್ಲಿತ್ತು. 1900ರಲ್ಲಿ ಪ್ಲೇಗಿನ ಸುದ್ದಿ ಹಬ್ಬಿದಾಗ ಸ್ಯಾನ್‌ಫ್ರಾನ್ಸಿಸ್ಕೊ ನಗರಾಡಳಿತ ಚೈನಾಟೌನಿನ ಸುತ್ತ ಹಗ್ಗ ಕಟ್ಟಿ, ಬಿಳಿಯರನ್ನು ಓಡಾಡಲು ಬಿಟ್ಟು ಚೀನಿಯರನ್ನು ಮಾತ್ರ ಒಳಗೆ ಕೂಡಿಹಾಕಿತು. ಅದೇ ಆಸುಪಾಸಿನಲ್ಲಿ ಚೀನಿಯರು ತಮ್ಮದೇ ದುಡ್ಡು ಹಾಕಿ ತುಂಗ್ ವಾ ಎಂಬ ಪುಟ್ಟ ದವಾಖಾನೆ ತೆರೆದರು. ಅದೇ ಬೆಳೆದು 1925ರಲ್ಲಿ ಚೈನೀಸ್ ಹಾಸ್ಪಿಟಲ್ ಆಯಿತು. ಹೊರಗಿನ ಡಾಕ್ಟರನ್ನು ನಂಬದ ಅಜ್ಜಿಯ ಹಿಂದೆ ಆ ಹಗ್ಗವೂ ಇದೆ.

1965ರ ಹೊಸ ವಲಸೆ ಕಾಯ್ದೆ ಬಂದ ಮೇಲೆ ಹೆಂಡಿರು ಮಕ್ಕಳು, ತಂದೆತಾಯಿ ಎಲ್ಲ ಬಂದು ಸೇರತೊಡಗಿದರು. 1971ರಲ್ಲಿ ನ್ಯೂಯಾರ್ಕಿನ ಚೈನಾಟೌನಿನಲ್ಲಿ ಸ್ವಯಂಸೇವಕರು ಬೀದಿಯಲ್ಲೇ ಹತ್ತು ದಿನದ ಆರೋಗ್ಯ ಮೇಳ ನಡೆಸಿದರು. ಆ ಮೇಳದಿಂದ ಹುಟ್ಟಿದ ಕ್ಲಿನಿಕ್ಕೇ ಇಂದಿನ ಚಾರ್ಲ್ಸ್ ಬಿ. ವಾಂಗ್ ಸಮುದಾಯ ಆರೋಗ್ಯ ಕೇಂದ್ರ. ಬಾಸ್ಟನ್ನಿನಲ್ಲೂ ಸಿಯಾಟಲ್ಲಿನಲ್ಲೂ ಅದೇ ಆಸುಪಾಸಿನಲ್ಲಿ ಇಂಥವು ತಲೆಯೆತ್ತಿದವು. ಸಕ್ಕರೆಯ ಸರದಿ ಬಂದದ್ದು ವಲಸೆ ಬಂದವರಿಗೆ ವಯಸ್ಸಾಗುತ್ತ ಬಂದ ಮೇಲೆ.

ಕಥೆಯ ಮುಖ್ಯ ತಿರುವು ನನಗೆ ಕಾಣುವುದು ಮಾತ್ರ ಇನ್ನೊಂದು ಕಡೆ, ಚೈನಾಟೌನಿಗೆ ಸಂಬಂಧವೇ ಇಲ್ಲದ ಜಾಗದಲ್ಲಿ. ಯೇಲ್ ವಿಶ್ವವಿದ್ಯಾಲಯದ ನರ್ಸಿಂಗ್ ಪ್ರಾಧ್ಯಾಪಕಿ ಮಾರ್ಗರೆಟ್ ಗ್ರೇ 1990ರ ದಶಕದಲ್ಲಿ ಟೈಪ್ 1 ಮಧುಮೇಹದ ಹದಿಹರೆಯದವರಿಗೆಂದು ಒಂದು ತರಬೇತಿ ರೂಪಿಸಿದರು. ಗೆಳೆಯರ ನಡುವೆ ಕೂತು ಇನ್ಸುಲಿನ್ ತೆಗೆದುಕೊಳ್ಳುವುದು ಹೇಗೆ, ಕೊಟ್ಟದ್ದನ್ನೆಲ್ಲ ತಿನ್ನದೆ ಪಾರಾಗುವುದು ಹೇಗೆ ಅಂತ ಪಾತ್ರ ಕಟ್ಟಿ ಆಡಿಸಿ ಕಲಿಸುವ ಬಗೆ. ಬೇಡವಾದದ್ದನ್ನು ಬೇಡ ಅನ್ನು, ನೇರವಾಗಿ, ಕಣ್ಣಲ್ಲಿ ಕಣ್ಣಿಟ್ಟು ಹೇಳು ಎನ್ನುವುದು ಅದರ ಒಂದು ಮುಖ್ಯ ಪಾಠ. ಅಮೆರಿಕದ ಹುಡುಗರಿಗೆ ಹೇಳಿ ಮಾಡಿಸಿದ ಪಾಠ.

ಅದನ್ನು ಚೈನಾಟೌನಿನ ವಯಸ್ಕರಿಗೆ ಒಗ್ಗಿಸಲು ಹೊರಟವರು ಸ್ಯಾನ್‌ಫ್ರಾನ್ಸಿಸ್ಕೊದ ಇಬ್ಬರು, ನರ್ಸಿಂಗ್ ಪ್ರಾಧ್ಯಾಪಕಿ ಕ್ಯಾಥರೀನ್ ಚೆಸ್ಲಾ ಮತ್ತು ಮನಶ್ಶಾಸ್ತ್ರಜ್ಞ ಕೆವಿನ್ ಚುನ್. ಅವರು ಮೊದಲು ತರಬೇತಿಗೆ ಕೈ ಹಾಕಲಿಲ್ಲ, ಕಿವಿ ಕೊಟ್ಟರು. ಚೀನಾದಿಂದ ಬಂದ 20 ದಂಪತಿಗಳನ್ನು ಮಾತಾಡಿಸಿದರು. ರೋಗಿಯನ್ನಷ್ಟೇ ಅಲ್ಲದೆ ಗಂಡಹೆಂಡತಿ ಇಬ್ಬರನ್ನೂ ಮಾತಾಡಿಸಿದ್ದೇ ಜಾಣತನ. 2009ರಲ್ಲಿ ಪ್ರಕಟವಾದ ಆ ಅಧ್ಯಯನದಿಂದ ತಿಳಿದದ್ದು, ಮನೆಯವರಿಗೆ ಸಕ್ಕರೆಯಷ್ಟೇ ಭಯ ಮನೆಯ ಹೊಂದಾಣಿಕೆ ಕೆಡುವುದರದು. ಅತ್ತೆ ಸೊಸೆ ಇರುವ ಮನೆಯನ್ನೇ ನೆನೆಯಿರಿ. ನನಗೊಬ್ಬಳಿಗೆ ಬೇರೆ ಅಡುಗೆ ಮಾಡಿ ಎನ್ನಲು ಅತ್ತೆಗೆ ಸಂಕೋಚ. ಇಷ್ಟು ಅನ್ನ ಬೇಡ ಎಂದು ಅತ್ತೆಗೆ ಹೇಳಲು ಸೊಸೆಗೆ ಅದಕ್ಕಿಂತ ಹೆಚ್ಚು ಸಂಕೋಚ. ಎಲ್ಲರೂ ಇನ್ನೊಬ್ಬರಿಗಾಗಿ ಸುಮ್ಮನಿರುತ್ತಾರೆ, ಸುಮ್ಮನಿದ್ದದ್ದರಿಂದ ಬಟ್ಟಲು ತುಂಬುತ್ತದೆ. ನಮ್ಮ ಮದುವೆ ಪಂಕ್ತಿಯಲ್ಲಿ ಎಲೆಗೆ ಅಡ್ಡ ಹಿಡಿದ ಕೈಯ ಸಂದಿನಿಂದಲೇ ಹೋಳಿಗೆ ಜಾರಿಸುವವರನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇಂಥ ಮನೆಯಲ್ಲಿ ‘ಕಣ್ಣಲ್ಲಿ ಕಣ್ಣಿಟ್ಟು ಬೇಡ ಅನ್ನು’ ಎಂದು ಕಲಿಸಿದರೆ ಅದು ಜಗಳಕ್ಕೆ ಕಲಿಸಿದ ಹಾಗೆ. ಆದ್ದರಿಂದ ಪಾಠವನ್ನು ತಿದ್ದಬೇಕಾಯಿತು. ಸಮುದಾಯದ ಆರೋಗ್ಯ ಕಾರ್ಯಕರ್ತರೇ ಜೊತೆಗೆ ಕೂತು ತಿದ್ದಿದರು. ಕೊಟ್ಟವರ ಮುಖ ಉಳಿಯಬೇಕು, ತನ್ನ ಸಕ್ಕರೆಯೂ ಅಂಕೆಯಲ್ಲಿರಬೇಕು, ಅಂಥ ಮಾತು ಬೇಕಿತ್ತು. ‘ನಿನ್ನ ಅಡುಗೆ ಬೇಡ’ ಅನ್ನುವ ಬದಲು ‘ಮೊಮ್ಮಗನ ಮದುವೆ ನೋಡುವವರೆಗಾದರೂ ಇರಬೇಕಲ್ಲ, ಅನ್ನ ಒಂದು ಹಿಡಿ ಕಡಿಮೆ ಹಾಕು’ ಅನ್ನುವ ದಾರಿ. ಈ ವಾಕ್ಯ ನಾನು ಕಟ್ಟಿದ್ದು, ಆದರೆ ಧಾಟಿ ಅದೇ. ವಾರಕ್ಕೊಂದರಂತೆ ಆರು ವಾರ ತರಗತಿ, 145 ಮಂದಿ.

2013ರಲ್ಲಿ ಫಲಿತಾಂಶ ಬಂತು. ಓದುವಾಗ ನನಗೆ ಹಿಡಿಸಿದ್ದು ಅದರ ಪ್ರಾಮಾಣಿಕತೆ. ರೋಗದ ತಿಳಿವಳಿಕೆ, ನಿಭಾಯಿಸಬಲ್ಲೆ ಎಂಬ ಧೈರ್ಯ, ಮನೆಯವರ ಆಸರೆ ಹೆಚ್ಚಿದವು. ಕಾಯಿಲೆಯ ಕೊರಗು ತಗ್ಗಿತು. ಮೂರು ತಿಂಗಳ ಸಕ್ಕರೆಯ ಲೆಕ್ಕ ಹೇಳುವ ಎಚ್‌ಬಿಎ1ಸಿ ಶೇ 7ರಿಂದ ಮೇಲಿದ್ದು ಆಮೇಲೆ ಕೆಳಗಿಳಿದವರು ಶೇ 16ರಷ್ಟು. ಆದರೆ ಊಟದ ಪಥ್ಯ, ವ್ಯಾಯಾಮ, ಮಾತ್ರೆ ನುಂಗುವ ಶಿಸ್ತು ಇವುಗಳಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ. ಮನಸ್ಸು ಒಪ್ಪಿದರೂ ನಾಲಗೆ ಜಗ್ಗಲಿಲ್ಲ.

ನಾಲಗೆಯ ಕಡೆಯಿಂದ ಹೊರಟವರು ಬಾಸ್ಟನ್ನಿನ ಜೋಸ್ಲಿನ್ ಮಧುಮೇಹ ಕೇಂದ್ರದವರು. 2000ದಲ್ಲಿ ಅಲ್ಲಿ ಏಷ್ಯನ್ನರಿಗೆಂದೇ ಒಂದು ವಿಭಾಗ ಶುರುವಾಯಿತು. ಜಾರ್ಜ್ ಕಿಂಗ್, ವಿಲಿಯಂ ಸೂ ಮುಂತಾದವರು ಸಾಂಪ್ರದಾಯಿಕ ಏಷ್ಯನ್ ಊಟವನ್ನು ಸಿದ್ಧಪಡಿಸಿ ಕೊಟ್ಟು ವಾರಗಟ್ಟಲೆ ಉಣ್ಣಿಸಿ ನೋಡಿದರು. ಶಕ್ತಿಯ ಶೇ 70ರಷ್ಟು ಪಿಷ್ಟದಿಂದಲೇ, ಕೊಬ್ಬು ಕಡಿಮೆ, ನಾರು ಧಾರಾಳ. 2014ರ ವರದಿಯ ಪ್ರಕಾರ ಇನ್ಸುಲಿನ್ನಿಗೆ ಮೈ ತೋರುವ ಪ್ರತಿರೋಧ ಇಳಿಯಿತು, ಪಾಶ್ಚಾತ್ಯ ಊಟಕ್ಕೆ ತಿರುಗಿದವರಲ್ಲಿ ಮತ್ತೆ ಏರಿತು. ಚಿಕ್ಕ ಪ್ರಯೋಗ, ಅದರ ಮೇಲೆ ಗೋಪುರ ಕಟ್ಟಲಾಗದು. ಆದರೂ ಅನ್ನವೇ ಖಳನಾಯಕ ಎಂದು ಹೆದರಿದ್ದವರಿಗೆ ಇದೊಂದು ಉಸಿರು. ತಪ್ಪು ಅಜ್ಜಿಯ ಊರಿನ ಊಟದ್ದಲ್ಲದಿರಬಹುದು, ಇಲ್ಲಿಗೆ ಬಂದ ಮೇಲೆ ಅದರಿಂದ ನಾರು ಜಾರಿ ಕೊಬ್ಬು ಸೇರಿದ್ದರದಿರಬಹುದು.

ಆ ಗುಂಪಿನ ವಿಲಿಯಂ ಸೂ ಕೈಜೋಡಿಸಿದ ಇನ್ನೊಂದು ಕೆಲಸ ನಮ್ಮವರನ್ನೂ ಮುಟ್ಟಿದೆ. ಎತ್ತರಕ್ಕೆ ತಕ್ಕ ತೂಕ ಅಳೆಯುವ ಬಿಎಂಐ 25 ದಾಟಿದರೆ ಸಕ್ಕರೆ ಪರೀಕ್ಷೆ ಮಾಡಿಸಿ ಎನ್ನುವುದು ಅಮೆರಿಕದ ನಿಯಮವಾಗಿತ್ತು. ಏಷ್ಯನ್ನರು ತೆಳ್ಳಗೆ ಕಂಡರೂ ಹೊಟ್ಟೆಯೊಳಗೆ ಕೊಬ್ಬು ಹೊತ್ತಿರುತ್ತಾರೆ, ಅವರಿಗೆ ಆ ಗೆರೆ ಎತ್ತರವಾಯಿತು ಎಂದು ವಿಲಿಯಂ ಸೂ, ಮರಿಯಾ ಅರನೇಟಾ, ಭಾರತ ಮೂಲದ ಅಲ್ಕಾ ಕನಯಾ ಮೊದಲಾದವರು ವಾದಿಸಿದರು. 2015ರಲ್ಲಿ ಅಮೆರಿಕನ್ ಡಯಾಬಿಟೀಸ್ ಅಸೋಸಿಯೇಷನ್ ಏಷ್ಯನ್ನರ ಮಟ್ಟಿಗೆ ಗೆರೆಯನ್ನು 23ಕ್ಕೆ ಇಳಿಸಿತು. ಇಂದು ಸಿಲಿಕಾನ್ ಕಣಿವೆಯ ಕನ್ನಡಿಗ ಎಂಜಿನಿಯರಿಗೆ ಡಾಕ್ಟರು ‘ನೀವು ದಪ್ಪ ಇಲ್ಲ, ಆದರೂ ಒಮ್ಮೆ ರಕ್ತ ಕೊಡಿ’ ಅನ್ನುವುದರ ಹಿಂದೆ ಈ ಇಳಿಸಿದ ಗೆರೆ ಇದೆ.

ತರಗತಿಗೆ ಬರಲಾಗದವರ ಪ್ರಶ್ನೆ ಮಾತ್ರ ಉಳಿದೇ ಇತ್ತು. ನ್ಯೂಯಾರ್ಕಿನ ಚೀನಿ ಹೋಟೆಲುಗಳಲ್ಲಿ ದುಡಿಯುವವರಿಗೆ ವಾರಕ್ಕೆ ಆರು ದಿನ ಕೆಲಸ. ಕ್ಲಿನಿಕ್ಕು ತೆರೆದಿರುವ ಹೊತ್ತಿನಲ್ಲೇ ಅವರ ಒಲೆಯೂ ಉರಿಯುತ್ತಿರುತ್ತದೆ. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಲು ಹು ಎಂಬ ಸಂಶೋಧಕಿ ಪಾಠವನ್ನೇ ಅವರ ಜೇಬಿಗೆ ಕಳಿಸಿದರು. ವೀಚಾಟ್ ಎಂಬ ಸಂದೇಶ ಆ್ಯಪಿನಲ್ಲಿ, ಮ್ಯಾಂಡರಿನ್ ಭಾಷೆಯಲ್ಲಿ, ನಾಲ್ಕಾರು ನಿಮಿಷದ ವಿಡಿಯೊ, ವಾರಕ್ಕೆ ಎರಡು, 12 ವಾರ. ಊರಿನ ತಾಯಿಯೊಡನೆಯೂ ಮಗಳೊಡನೆಯೂ ಮಾತಾಡುವುದು ಅದೇ ವೀಚಾಟಿನಲ್ಲಾದ್ದರಿಂದ ಹೊಸದೇನನ್ನೂ ಕಲಿಯಬೇಕಿರಲಿಲ್ಲ. ಹೋಟೆಲು ಮುಚ್ಚಿ, ಬಾಣಲೆ ತೊಳೆದಿಟ್ಟು, ಉಳಿದ ಹುರಿದ ಅನ್ನವನ್ನು ಬಟ್ಟಲಿಗೆ ಹಾಕಿಕೊಂಡು ಕೂರುವ ಅಡುಗೆಯವನಿಗೆ ಫೋನು ಕೈಗೆ ಸಿಗುವುದು ಆ ಹೊತ್ತಿನಲ್ಲೇ.