ಎಚ್ಚರದ ಕಣ್ಣು

ಬೆಂಗಳೂರಿನ ಪೂರ್ವಭಾಗದ ಒಂದು ಬಡಾವಣೆಗೆ ಸಿ.ವಿ. ರಾಮನ್ ನಗರವೆಂದು ಹೆಸರು. ಬೆಳಕಿನ ರಹಸ್ಯವನ್ನು ಶೋಧಿಸಿ 1930ರಲ್ಲಿ ನೊಬೆಲ್ ಪಾರಿತೋಷಕ ಪಡೆದ ವಿಜ್ಞಾನಿಯ ನೆನಪನ್ನು ಅದು ಉಳಿಸಿಕೊಂಡಿದೆ. 1986ರಲ್ಲಿ ಸ್ಥಾಪಿತವಾದ, ರಕ್ಷಣಾ ಇಲಾಖೆಗೆ ಸೇರಿದ ಕೃತಕ ಬುದ್ಧಿಮತ್ತೆ ಮತ್ತು ರೋಬಾಟಿಕ್ಸ್ ಸಂಶೋಧನ ಕೇಂದ್ರವೂ ಅಲ್ಲಿಯೇ ಇದೆ. ಯಂತ್ರವು ಮನುಷ್ಯನಂತೆ ನೋಡಬಲ್ಲುದೇ? ನೋಡಿದುದನ್ನು ಅರಿಯಬಲ್ಲುದೇ? ಒಂದು ಕಾಲಕ್ಕೆ ಇವು ಪ್ರಯೋಗಶಾಲೆಯ ಪ್ರಶ್ನೆಗಳಾಗಿದ್ದುವು. ಇಂದು ಜನರ ಪ್ರಾಣರಕ್ಷಣೆಯ ಪ್ರಶ್ನೆಗಳಾಗಿವೆ.

ಈ ಬಡಾವಣೆಗೆ ಕೆಲವೇ ಮೈಲಿ ದೂರದಲ್ಲಿದೆ ಚಿನ್ನಸ್ವಾಮಿ ಕ್ರೀಡಾಂಗಣ. 2025ರ ಜೂನ್ 4ರಂದು, ಹಿಂದಿನ ದಿನ ಕ್ರಿಕೆಟ್ ಪಂದ್ಯಾವಳಿಯನ್ನು ಗೆದ್ದ ಬೆಂಗಳೂರು ತಂಡದ ವಿಜಯೋತ್ಸವವನ್ನು ನೋಡಲು ಜನಸಾಗರವೇ ಅಲ್ಲಿಗೆ ಹರಿದು ಬಂದಿತು. ಸುಮಾರು 35,000 ಜನರಿಗೆ ಮಾತ್ರ ಸ್ಥಳವಿದ್ದ ಕ್ರೀಡಾಂಗಣದ ಬಾಗಿಲುಗಳ ಬಳಿ ನೂಕುನುಗ್ಗಲಾಗಿ 11 ಮಂದಿ ಅಸುನೀಗಿದರು. ಅವರಲ್ಲಿ ಹೆಚ್ಚಿನವರು ಹದಿಹರೆಯದವರು ಮತ್ತು ತರುಣರು. ಸಂತೋಷಪಡಲು ಮನೆಯಿಂದ ಹೊರಟ ಮಕ್ಕಳು ಮರಳಿ ಮನೆ ಸೇರಲಿಲ್ಲ.

ಇಂತಹ ದುರಂತಗಳಿಗೆ ಜನರ ದುಡುಕೇ ಕಾರಣವೆಂದು ಹೇಳುವುದು ವಾಡಿಕೆ. ಆದರೆ ನಿಜವಾದ ಕಾರಣ ದಟ್ಟಣೆ. ಒಂದು ಚದರ ಮೀಟರಿನಲ್ಲಿ ಇಬ್ಬರು ಮೂವರಿದ್ದರೆ ನಡೆದಾಡಬಹುದು. ಆರೇಳು ಮಂದಿಯಾದರೆ ಯಾರ ಹೆಜ್ಜೆಯೂ ಅವರ ಅಧೀನದಲ್ಲಿರುವುದಿಲ್ಲ. ಜನಸಮೂಹ ನೀರಿನಂತೆ ತುಯ್ದಾಡತೊಡಗುತ್ತದೆ. ಎದೆ ಅದುಮಿಹೋಗಿ, ನಿಂತಲ್ಲಿಯೇ ಉಸಿರು ಕಟ್ಟುತ್ತದೆ. ಹಿಂದಿನಿಂದ ಒತ್ತುವವರಿಗೆ ಮುಂದಿನವರ ಸಂಕಟ ಕಾಣುವುದಿಲ್ಲ. ಗುಂಪಿನೊಳಗಿರುವವರಿಗೆ ಕಾಣದ ಅಪಾಯ ಎತ್ತರದಲ್ಲಿರುವ ಕಣ್ಣಿಗೆ ಕಾಣುತ್ತದೆ.

ಸಾಮಾನ್ಯ ಕ್ಯಾಮೆರಾ ಅಂತಹ ಒಂದು ಕಣ್ಣು. ಆದರೆ ಅದು ನೋಡುತ್ತದೆಯೇ ಹೊರತು ಅರಿಯುವುದಿಲ್ಲ. ಹತ್ತಾರು ಪರದೆಗಳ ಮುಂದೆ ಕುಳಿತ ಕಾವಲುಗಾರನ ಕಣ್ಣು ಬಹುಬೇಗ ದಣಿಯುತ್ತದೆ. ಅನಾಹುತದ ಬಳಿಕ ಚಿತ್ರಗಳನ್ನು ತಿರುವಿ ನೋಡುವುದು ಊರು ಸೂರೆಹೋದ ಮೇಲೆ ಕೋಟೆಯ ಬಾಗಿಲು ಹಾಕಿದಂತೆಯೇ ಸರಿ.

ಬುದ್ಧಿಯುಳ್ಳ ಕ್ಯಾಮೆರಾದ ರೀತಿಯೇ ಬೇರೆ. ಪ್ರತಿಯೊಂದು ಚಿತ್ರವೂ ಲಕ್ಷಾಂತರ ಚುಕ್ಕೆಗಳಿಂದ ಕೂಡಿದುದು. ಒಂದೊಂದು ಚುಕ್ಕೆಯ ಬಣ್ಣವೂ ಬೆಳಕೂ ಗಣಕಯಂತ್ರಕ್ಕೆ ಒಂದೊಂದು ಅಂಕಿ. ತಲೆಗಳನ್ನು ಗುರುತಿಸಿಕೊಟ್ಟ ಸಾವಿರಾರು ಚಿತ್ರಗಳಿಂದ ಅಭ್ಯಾಸ ಪಡೆದ ಯಂತ್ರ ಹೊಸ ಚಿತ್ರದಲ್ಲಿಯೂ ತಲೆಗಳನ್ನು ಎಣಿಸಬಲ್ಲುದು. ಒಂದರ ಹಿಂದೊಂದು ಬರುವ ಚಿತ್ರಗಳನ್ನು ಹೋಲಿಸಿ, ಜನರು ಎತ್ತ, ಎಷ್ಟು ವೇಗವಾಗಿ ಸಾಗುತ್ತಿದ್ದಾರೆಂದು ಲೆಕ್ಕ ಹಾಕುತ್ತದೆ. ದಟ್ಟಣೆ ಮಿತಿಮೀರಿದರೆ, ಎದುರುಬದುರಾಗಿ ಬರುವ ಗುಂಪುಗಳು ಒಂದಕ್ಕೊಂದು ಅಡ್ಡವಾದರೆ ಎಚ್ಚರಿಕೆ ನೀಡುತ್ತದೆ. ಬೆಂಗಳೂರಿನಲ್ಲಿ ನಿರ್ಭಯಾ ನಿಧಿಯ ನೆರವಿನಿಂದ ಕೈಗೊಂಡ ಸುರಕ್ಷಿತ ನಗರ ಯೋಜನೆಯಲ್ಲಿ 7,000ಕ್ಕೂ ಹೆಚ್ಚು ಕ್ಯಾಮೆರಾಗಳನ್ನು ಅಳವಡಿಸಲಾಗಿದೆ.

ಆದರೆ ಈ ಕಣ್ಣಿಗೂ ದೋಷಗಳುಂಟು. ಕತ್ತಲೆ, ಮಳೆ, ಬಿಚ್ಚಿದ ಕೊಡೆಗಳು ಅದನ್ನು ಮರುಳುಗೊಳಿಸುತ್ತವೆ. ಮುಖ ಗುರುತಿಸುವಲ್ಲಿ ಅದು ತಪ್ಪಿದರೆ ನಿರಪರಾಧಿಯೂ ಸಂಶಯಕ್ಕೆ ಗುರಿಯಾದಾನು. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡಬೇಕೆಂಬ ಹಿರಿಯರ ಮಾತು ಯಂತ್ರಕ್ಕೂ ಸಲ್ಲುತ್ತದೆ. ಕರ್ನಾಟಕದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಮೊಕದ್ದಮೆಯಲ್ಲಿ, ಖಾಸಗಿತನವು ಪ್ರಜೆಯ ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯ 2017ರಲ್ಲಿ ಸಾರಿತು. ತಲೆಗಳನ್ನು ಎಣಿಸಲು ಹೆಸರುಗಳ ಅಗತ್ಯವಿಲ್ಲ. ರಕ್ಷಣೆಗಾಗಿ ಇಟ್ಟ ಕಣ್ಣು ಬೇಹುಗಾರಿಕೆಗೆ ಇಳಿಯಬಾರದು.

ಎಲ್ಲಕ್ಕಿಂತ ಮುಖ್ಯವಾದುದು ಇನ್ನೊಂದುಂಟು. ಯಂತ್ರ ಎಚ್ಚರಿಸಬಲ್ಲುದು, ಅಷ್ಟೆ. ಮುಚ್ಚಿದ ಬಾಗಿಲನ್ನು ತೆರೆಯಿಸುವವನು, ಬರುವವರನ್ನು ದೂರದಲ್ಲಿಯೇ ತಡೆಯುವವನು, ಧ್ವನಿವರ್ಧಕದಲ್ಲಿ ಜನರಿಗೆ ದಾರಿ ಹೇಳುವವನು ಮನುಷ್ಯನೇ. ಎಚ್ಚರಿಕೆಯ ಗಂಟೆ ಬಾರಿಸಿದಾಗ ಯಾರು ಏನು ಮಾಡಬೇಕೆಂಬುದು ಮೊದಲೇ ನಿಶ್ಚಯವಾಗಿರಬೇಕು. ಮುಂದೆ ದಾರಿಯಿಲ್ಲವೆಂದು ತಿಳಿದೊಡನೆ ಒತ್ತದೆ ಹಿಂದೆ ಸರಿಯುವ ಸಂಯಮ ನಾಗರಿಕನಲ್ಲಿಯೂ ಇರಬೇಕು. ಕಣ್ಣು ಕಂಡುದಕ್ಕೆ ಕೈ ಒದಗಿದಾಗಲೇ ಜೀವ ಉಳಿಯುತ್ತದೆ.